ಯಾರ ಮೈಗೂ ಹಿಡಿಸದ ಇಪ್ಪತ್ತೆಂಟು

ದೊಡ್ಡ ಹುಡುಗನ ಎದೆಯ ಮೇಲೆ ಕೋಟಿನ ಗುಂಡಿ ಹಾಕಲು ಆಗಲೇ ಇಲ್ಲ. ಒಂದನೇ ತರಗತಿಯ ಮಗು ಅದೇ ಅಳತೆಯ ಕೋಟಿನೊಳಗೆ ಮುಳುಗಿಹೋಯಿತು. ದರ್ಜಿ ಕೋಟುಗಳ ರಾಶಿಯತ್ತ ತಿರುಗಿದ.

"ಅಯ್ಯೋ! ಬಟ್ಟೆ ಪೂರ್ತಿ ಒಂದೇ ಅಳತೆಗೆ ಕತ್ತರಿಸಿಬಿಟ್ಟಿದೀನಲ್ಲೇ!"

ಶಾಲೆಯ ಹಾಡಿನ ತಂಡಕ್ಕೆ ಹೊಲಿಯುತ್ತಿದ್ದ ಕೋಟುಗಳವು. ನಾಡಿದ್ದೇ ಕಾರ್ಯಕ್ರಮ. ಅಳತೆ ತೆಗೆದವಳು ಮಗಳು. ಎಲ್ಲವನ್ನೂ ಶಾಲೆಯ ಟ್ಯಾಬ್‌ಗೆ ತುಂಬಿ, "ಎದೆ ಇಪ್ಪತ್ತೆಂಟು ಇಂಚು" ಎಂದು ಒಂದೇ ಸಂಖ್ಯೆ ತಂದಿದ್ದಳು. ಯಂತ್ರ ಹೇಳಿದ ಮೇಲೆ ಇನ್ನೇನು ಎಂದು ದರ್ಜಿಯೂ ಕತ್ತರಿ ಆಡಿಸಿದ್ದ.

"ಎಲ್ಲಾ ಕೂಡ್ಸಿ ಭಾಗಿಸಿದ್ದು ಅಪ್ಪ, ಸರಾಸರಿ. ಪರೀಕ್ಷೇಲಿ ಪೂರ್ತಿ ಅಂಕ ಬಂದಿತ್ತು ನಂಗೆ." ಮಗಳು ಟ್ಯಾಬ್ ಎತ್ತಿ ತೋರಿಸಿದಳು.

"ಅಂಕನ ಮೈಗೆ ಹಾಕ್ಕೊಳಕ್ಕಾಗುತ್ತೇನೇ? ಮೊದ್ಲು ಆ ಟ್ಯಾಬ್ ವಾಪಸ್ ಕೊಟ್ಟು ಬಾ!"

ಗುಂಡಿ ಹಚ್ಚುತ್ತಿದ್ದ ತಾಯಿ, "ದೊಡ್ಡ ಮಕ್ಕಳಿಗೆ ಉಸಿರು ಬಿಗಿಹಿಡಿದು ಹಾಡಿ ಅನ್ನೋಣ್ವಾ?" ಎಂದಳು. ಯಾರೂ ನಗಲಿಲ್ಲ.

ಗಲಾಟೆ ಕೇಳಿ ಪಕ್ಕದ ಮನೆಯ ಟೀಚರಮ್ಮ ಓಡಿಬಂದರು. ಮಗಳಿಗೆ ಲೆಕ್ಕ ಕಲಿಸುವವರು ಅವರೇ. ವಿಷಯ ತಿಳಿದು ಮಗಳ ಪಕ್ಕ ಕುಳಿತು ಟ್ಯಾಬ್ ತೆರೆಸಿದರು.

"ಅಣ್ಣಾ, ನನ್ನ ತಪ್ಪೂ ಇದೆ. ಉತ್ತರ ಬಂತಾ, ಶಭಾಷ್ ಅಂದು ಮುಂದಿನ ಪಾಠಕ್ಕೆ ಹೋಗ್ಬಿಟ್ಟೆ. ಪುಟ್ಟೀ, ಸಂಖ್ಯೆಗಳ ಗೆರೆ ಮೇಲೆ ಒಂದೊಂದು ಅಳತೆಗೂ ಒಂದೊಂದು ಚುಕ್ಕಿ ಇಡು ನೋಡೋಣ."

ಪರದೆಯ ಮೇಲೆ ಚುಕ್ಕಿಗಳು ಮೂಡಿದವು. ಇಪ್ಪತ್ತನಾಲ್ಕರ ಸುತ್ತ ಚಿಕ್ಕ ಮಕ್ಕಳು. ಮೂವತ್ತೆರಡರ ಸುತ್ತ ದೊಡ್ಡವರು. ನಡುವೆ ಬಟಾಬಯಲು.

"ಇಪ್ಪತ್ತೆಂಟರಲ್ಲಿ ಒಬ್ರೂ ಇಲ್ವಲ್ಲ ಟೀಚರ್!" ಮಗಳು ಬೆಚ್ಚಿಬಿದ್ದಳು. ದೊಡ್ಡವರ ಚುಕ್ಕಿಗಳನ್ನು ಬೆರಳಿನಿಂದ ಆಚೆ ಸರಿಸಿದಳು. ಸರಾಸರಿ ಜಾರಿ ಇಪ್ಪತ್ತನಾಲ್ಕಕ್ಕೆ ಬಂತು. "ಅಪ್ಪಾ, ಎರಡು ಗುಂಪು ಬೇರೆ ಮಾಡ್ಬೇಕಿತ್ತು!"

ದರ್ಜಿ ಬಗ್ಗಿ ನೋಡಿದ. "ಇದೇ ಟ್ಯಾಬಲ್ಲಿ ಇದೂ ಇತ್ತಾ?"

"ಇತ್ತು ಅಣ್ಣಾ. ನೋಡೋದನ್ನ ನಾವು ಕಲಿಸಿರ್ಲಿಲ್ಲ."

ಚಿಕ್ಕವರ ಕೋಟುಗಳನ್ನು ಒಳಗೆ ಹಿಡಿದು ಹೊಲಿದರು. ದೊಡ್ಡವರದಕ್ಕೆ ಅದೇ ಬಟ್ಟೆ ಉಳಿದಿರಲಿಲ್ಲ. ಬಗಲಲ್ಲಿ ಬೇರೆ ಬಣ್ಣದ ಪಟ್ಟಿ ಸೇರಿಸಿದರು. ಕಾರ್ಯಕ್ರಮದ ದಿನ ಯಾರೋ "ಹೊಸ ಫ್ಯಾಷನ್ನಾ?" ಎಂದು ಕೇಳಿದರು. ದರ್ಜಿ ಬೆವರು ಒರೆಸಿಕೊಂಡ. ಟ್ಯಾಬ್ ಮಾತ್ರ ವಾಪಸ್ ಹೋಗಲಿಲ್ಲ. ಈಗ ಮಗಳು ಅದನ್ನು ತೆರೆದರೆ ಅಪ್ಪನೂ ಪಕ್ಕದಲ್ಲಿ ಕೂರುತ್ತಾನೆ.

ಅಪ್ಪ ಅಮ್ಮಂದಿರೇ, ಟ್ಯಾಬ್ ಒಂದಿದ್ದರೆ ಮಗು ಕಲಿತುಬಿಡುತ್ತದೆ ಎನ್ನುವ ಧೈರ್ಯ ನನಗಿಲ್ಲ. ಅದು ಬೇಡವೇ ಬೇಡ ಎನ್ನಲೂ ಮನಸ್ಸು ಒಪ್ಪುವುದಿಲ್ಲ. ಮಗು ಉತ್ತರ ತೋರಿಸಿದಾಗ, ನಿಮಗೆ ಲೆಕ್ಕ ಬಾರದಿದ್ದರೂ ಸರಿ, "ಇದರಲ್ಲಿ ಯಾರ್ಯಾರು ಇದ್ದಾರೆ? ಚುಕ್ಕಿ ಇಟ್ಟು ತೋರಿಸು" ಎಂದು ಕೇಳಿ. ಕತ್ತರಿ ಎತ್ತಿಕೊಳ್ಳುವ ಮೊದಲೇ ಕೇಳಿ.