ಸುಳಿವು ಕೊಡುವ ಸೊಸೆ

ನನ್ನ ತಂಗಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಅಡುಗೆಮನೆಯ ಬಾಗಿಲಿಗೆ ಎದುರಾಗಿಯೇ ಹೊಲಿಗೆ ಯಂತ್ರ. ಒಲೆಯ ಮೇಲಿನ ಹಾಲು ಉಕ್ಕುವುದು ಕೂತಲ್ಲಿಂದಲೇ ಕಾಣಬೇಕು. ಗಂಡ ವ್ಯಾನು ಓಡಿಸುವವನು, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಅತ್ತೆಯದು ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಸೊಸೆ ಗುಂಡಿ ಹಾಕಿದರೆ ಅತ್ತೆ ದಾರ ಕತ್ತರಿಸುವರು. ಹೇಗೋ ನಡೆದುಕೊಂಡು ಹೋಗುತ್ತಿದ್ದ ಮನೆ.

ಒಂದು ಭಾನುವಾರ ಮಧ್ಯಾಹ್ನ ಯಂತ್ರದ ಮುಂದಿನಿಂದ ಎದ್ದ ತಂಗಿಗೆ ತಲೆ ಸುತ್ತಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು, "ಅತ್ತೆ, ಎಲ್ಲಾ ಅಲುಗಾಡಿದ ಹಾಗಾಗ್ತಿದೆ," ಎಂದಳು. ಅತ್ತೆ ನೀರು ತರಲು ತಿರುಗಿದರು. ಅಷ್ಟರಲ್ಲಿ ನೆಲದಡಿ ದೊಡ್ಡ ಲಾರಿ ಹೋದಂಥ ಸದ್ದು. ಪಾತ್ರೆಗಳು ಉರುಳಿದವು, ಗೋಡೆ ಬಿರುಕು ಬಿಟ್ಟಿತು, ಕಾಲಿಟ್ಟ ಕಡೆಯೆಲ್ಲ ನೆಲ ಜಾರಿಕೊಂಡು ಹೋಯಿತು. ಇಬ್ಬರೂ ಕೈ ಹಿಡಿದುಕೊಂಡು ಬೀದಿಗೆ ಓಡಿದರು. ಉಸಿರು ಹಿಡಿತಕ್ಕೆ ಬಂದ ಮೇಲೆ ಅತ್ತೆ ಆಡಿದ ಮೊದಲ ಮಾತು, "ನನ್ನ ಸೊಸೆಗೆ ಮೊದಲೇ ಗೊತ್ತಾಗಿತ್ತು!"

ಆ ಒಂದು ಮಾತು ಸಾಕಾಯಿತು. ಕೆಲವು ಹೆಂಗಸರ ಮೈಗೆ ಭೂಮಿಯ ಸುಳಿವು ಸಿಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಹಿಂದಿನಿಂದಲೂ ಇತ್ತು. ಅಂಥವಳು ಉಪ್ಪು ತಿನ್ನಬಾರದು, ಔಷಧಿ ಮುಟ್ಟಬಾರದು, ಬರೀ ನೆಲದ ಮೇಲೆ ಮಲಗಬೇಕು. ಇಲ್ಲದಿದ್ದರೆ ಸುಳಿವು ಮಂಕಾಗುತ್ತದಂತೆ. ಸಣ್ಣ ಪುಟ್ಟ ನಡುಕಗಳು ವಾರಗಟ್ಟಲೆ ನಿಲ್ಲಲಿಲ್ಲ. ಹೆದರಿದ ಜನ ದಿನಾ ಬೆಳಿಗ್ಗೆ ತಂಗಿಯ ಬಾಗಿಲಿಗೆ ಬರತೊಡಗಿದರು. "ಇವತ್ತು ಹೇಗೆ?"

ನಾನು ಆಸ್ಪತ್ರೆಯಲ್ಲಿ ನರ್ಸು. ಒಂದೂವರೆ ತಿಂಗಳ ಮೇಲೆ ರಜೆ ಸಿಕ್ಕಿ ಹೋದಾಗ ತಂಗಿ ಚಾಪೆಯ ಮೇಲೆ ಬಿದ್ದುಕೊಂಡಿದ್ದಳು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದೆ. ಕಾಗದದ ಹಾಗೆ ಬೆಳ್ಳಗಿತ್ತು.

"ಅಮ್ಮಾ, ಇವಳಿಗೆ ಮೈಯಲ್ಲಿ ರಕ್ತ ಇಲ್ಲ. ಅದಕ್ಕೇ ತಲೆ ಸುತ್ತೋದು," ಎಂದೆ ಅವಳ ಅತ್ತೆಗೆ.

"ಅವತ್ತು ಇವಳು ಹೇಳಿದ ಮೇಲೇ ತಾನೇ ನೆಲ ಅಲುಗಿದ್ದು? ನನ್ನ ಕಿವಿಯಾರೆ ಕೇಳಿದೀನಿ."

"ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು. ದಿನಕ್ಕೆ ಹತ್ತು ಸಲ ಇವಳಿಗೆ ತಲೆ ಸುತ್ತುತ್ತೆ. ಮಿಕ್ಕ ಒಂಬತ್ತು ಸಲ ಭೂಮಿ ಏನು ಮಾಡ್ತಿರುತ್ತೆ? ಅಮ್ಮಾ, ಭೂಕಂಪ ಅಳೆಯೋ ಯಂತ್ರ ಇಟ್ಕೊಂಡು ಇದನ್ನೇ ಓದಿದೋರಿಗೂ ಇಂಥ ದಿನ, ಇಂಥ ಗಂಟೆ ಅಂತ ಹೇಳೋಕಾಗಲ್ಲ. ಯಾವ ಕಡೆ ಆಗಬಹುದು ಅಂತಾರೆ, ಯಾವತ್ತು ಅಂತ ಯಾರಿಗೂ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋಕೆ ಓದು ಬೇರೆ ಬೇಕಾ?" ಎಂದರು ಅತ್ತೆ. "ಊರಿಗೆ ಊರೇ ನಮ್ಮನೆ ಬಾಗಿಲಿಗೆ ಬರ್ತಿದೆ. ಅವರೆಲ್ಲ ದಡ್ಡರು, ನೀನೊಬ್ಬಳು ಜಾಣೆ."

ತಂಗಿಯ ಗಂಡನನ್ನು ಕೇಳಿದೆ. ಅವನು ತಲೆ ಎತ್ತಲಿಲ್ಲ. "ಇವಳನ್ನ ಕಳಿಸಿದ ದಿನವೇ ಏನಾದ್ರೂ ಆದ್ರೆ ಜನ ನಮ್ಮನ್ನ ಬಿಡ್ತಾರಾ, ಅತ್ತಿಗೆ?"

ಅವರು ಆಚೆ ಹೋದ ಮೇಲೆ ತಂಗಿ ನನ್ನ ಕೈ ಹಿಡಿದುಕೊಂಡಳು. "ಆಗುತ್ತೆ ಅಂದ್ರೆ ಎಲ್ಲರೂ ದಿನವಿಡೀ ಬಿಸಿಲಲ್ಲಿ ಕೂರ್ತಾರೆ. ಇಲ್ಲ ಅಂದ್ರೆ ನಂಬಿ ಒಳಗೆ ಹೋಗ್ತಾರೆ. ಎರಡೂ ನನ್ನ ತಲೆ ಮೇಲೇ ಅಕ್ಕಾ. ಸಾಕಾಗಿದೆ."

ಅವಳನ್ನು ಆಗಲೇ ಎಬ್ಬಿಸಿಕೊಂಡು ಹೊರಡಬೇಕಿತ್ತು. ನಾನೂ ಜಗಳಾಡಿ ದಣಿದಿದ್ದೆ. ನಾಳೆ ಇನ್ನೊಮ್ಮೆ ಹೇಳಿ ನೋಡೋಣ ಎಂದುಕೊಂಡು ಅಲ್ಲೇ ಉಳಿದೆ.

ಎದುರುಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ದಂಪತಿ. ಅವರ ಮುಂಗೋಡೆ ಮೊದಲ ದಿನವೇ ಉದ್ದಕ್ಕೆ ಸೀಳಿತ್ತು. ಅಂದಿನಿಂದ ಹೆಂಡತಿ ಮೇಜನ್ನು ಬೀದಿಗೆ ಎಳೆದು ಅಲ್ಲೇ ಇಸ್ತ್ರಿ ಮಾಡುತ್ತಿದ್ದಳು, ಗಂಡ ಮನೆಮನೆಗೆ ಬಟ್ಟೆ ತಲುಪಿಸಲು ಹೋಗುತ್ತಿದ್ದ. ಮರುದಿನ ಬೆಳಿಗ್ಗೆ ಆಕೆ ಬಂದು ಹೊಸ್ತಿಲಾಚೆ ನಿಂತಳು.

"ಇವತ್ತು ಹೇಗೆ ತಾಯಿ? ಮೇಜು ಒಳಗೆ ಹಾಕ್ಕೊಳ್ಳಲಾ? ಬಿಳಿ ಬಟ್ಟೆ ಮೇಲೆಲ್ಲ ಧೂಳು ಕೂರುತ್ತೆ."

ತಂಗಿ ಹಿಂದಿನ ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಗೋಡೆಗೆ ಒರಗಿಕೊಂಡೇ, "ಇವತ್ತೇನಿಲ್ಲಕ್ಕ, ಹಾಕ್ಕೋ," ಎಂದಳು. ಆಕೆ ಹೋದರೆ ಮಲಗಬಹುದು, ಅಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

ಹನ್ನೊಂದರ ಹೊತ್ತಿಗೆ ನೆಲ ನಡುಗಿತು. ಎಷ್ಟು ಸಣ್ಣದೆಂದರೆ ನಮ್ಮ ಕಪಾಟಿನ ಲೋಟಗಳು ಬರೀ ಸದ್ದು ಮಾಡಿ ಸುಮ್ಮನಾದವು. ಎದುರುಮನೆಯ ಗೋಡೆಗೆ ಅಷ್ಟೇ ಸಾಕಾಯಿತು. ಬೀದಿಯವರೆಲ್ಲ ಸೇರಿ ಇಟ್ಟಿಗೆ ಸರಿಸಿದೆವು. ಆಕೆಯ ನಾಡಿ ಹಿಡಿದವಳು ನಾನೇ. ನಾಡಿ ಇರಲಿಲ್ಲ. ಪಕ್ಕದಲ್ಲಿ ಬಿದ್ದಿದ್ದ ಇಸ್ತ್ರಿಪೆಟ್ಟಿಗೆಯ ಕೆಂಡ ಮಾತ್ರ ಇನ್ನೂ ಆರಿರಲಿಲ್ಲ.

ಸುದ್ದಿ ಕೇಳಿ ತಂಗಿ ಕುಸಿದು ಕೂತಳು. ಕಣ್ಣೀರೂ ಬರಲಿಲ್ಲ. ಅಂಗಳದಲ್ಲಿ ಜನ ನೆರೆದಿದ್ದರು. ಅವರಿಗೆ ಕೇಳುವಂತೆ ಅತ್ತೆ, "ಕದ್ದು ಉಪ್ಪು ತಿಂದಿರ್ತಾಳೆ. ಇಲ್ಲದಿದ್ರೆ ಸುಳಿವು ಹೇಗೆ ತಪ್ಪುತ್ತೆ?" ಎಂದರು.

ಒಬ್ಬ ಹೆಂಗಸು ಸತ್ತರೂ ನಂಬಿಕೆಗೆ ಗಾಯವಾಗಲಿಲ್ಲ ನೋಡಿ. ಸರಿಯಾದರೆ ಸುಳಿವಿನ ಮಹಿಮೆ, ತಪ್ಪಿದರೆ ಸೊಸೆಯ ತಪ್ಪು.

ತಂಗಿ ಗೋಡೆ ಹಿಡಿದುಕೊಂಡು ಎದ್ದಳು. ಅಡುಗೆಮನೆಗೆ ಹೋಗಿ ತಟ್ಟೆಗೆ ಅನ್ನ ಹಾಕಿಕೊಂಡಳು, ಎಲ್ಲರೂ ನೋಡುತ್ತಿದ್ದಂತೆ ಅದಕ್ಕೆ ಉಪ್ಪು ಬೆರೆಸಿದಳು, ನಿಂತೇ ತಿಂದಳು. "ಈಗ ತಿಂದೆ ಅತ್ತೆ. ಇಷ್ಟು ದಿನ ತಿಂದಿರಲಿಲ್ಲ. ಅಕ್ಕಾ, ನಡಿ, ಆಸ್ಪತ್ರೆಗೆ ಹೋಗೋಣ."

ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಆಗ, ಸುದ್ದಿ ಕೇಳಿ ಓಡಿ ಬಂದಿದ್ದ ಗಂಡ, ಅದುವರೆಗೆ ಅಮ್ಮನೆದುರು ತುಟಿ ಬಿಚ್ಚದವನು, "ಸಾಕಮ್ಮ, ದಾರಿ ಬಿಡು," ಎಂದು ಹೋಗಿ ವ್ಯಾನಿನ ಬಾಗಿಲು ತೆಗೆದ.

ಆಸ್ಪತ್ರೆಯಲ್ಲಿ ರಕ್ತ ಏರಿಸಿದರು, ಮಾತ್ರೆ ಕೊಟ್ಟರು. ಹದಿನೈದು ದಿನದಲ್ಲಿ ಅವಳ ತಲೆ ಸುತ್ತುವುದು ನಿಂತಿತು. ಭೂಮಿ ಅಲುಗುವುದು ನಿಂತಿರಲಿಲ್ಲ.

ಅವಳನ್ನು ಮನೆಗೆ ಕರೆತಂದ ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಮತ್ತೆ ಆರೇಳು ಜನ. ಅವರ ಹಿಂದೆ, ಗಡ್ಡ ಬೆಳೆದ ಇಸ್ತ್ರಿಯವನು. ಎಲ್ಲರಿಗಿಂತ ಮೊದಲು ಕೇಳಿದವನೂ ಅವನೇ.

"ಇವತ್ತು ಹೇಗೆ ತಾಯಿ?"

"ಗೊತ್ತಿಲ್ಲಣ್ಣ," ಎಂದಳು ತಂಗಿ. "ಅವತ್ತೂ ಗೊತ್ತಿರಲಿಲ್ಲ. ನಿನ್ನ ಹೆಂಡತಿ ಕೇಳಿದಾಗ ಗೊತ್ತಿಲ್ಲ ಅಂತ ಹೇಳಬೇಕಿತ್ತು. ಹೇಳಲಿಲ್ಲ."

ಒಳಗೆ ಅತ್ತೆ ಕೆಮ್ಮಿದರು. ಅವನು ತಿರುಗಿ ತನ್ನ ಮನೆಯ ಕಡೆ ನೋಡಿದ.

"ಹಾಗಾದ್ರೆ ನಾನು ಎಲ್ಲಿ ಮಲಗಲಿ?"

ತಂಗಿ ಚಪ್ಪಲಿ ಮೆಟ್ಟಿ ಬೀದಿ ದಾಟಿದಳು, ನಾನೂ ಹಿಂದೆ ಹೋದೆ. ಅವನ ಮಂಚ ಇನ್ನೂ ಬಿರುಕುಬಿಟ್ಟ ಹಿಂಗೋಡೆಯ ಪಕ್ಕದಲ್ಲೇ ಇತ್ತು. ಇಬ್ಬರೂ ಎಳೆದೆವು. ಹೊಸ್ತಿಲಲ್ಲಿ ಮಂಚದ ಕಾಲು ಸಿಕ್ಕಿಕೊಂಡಿತು.

"ಗೋಡೆ ಸರಿಮಾಡಿಸೋವರೆಗೆ ಆಚೆ ಬಯಲಲ್ಲಿ ಮಲಗಣ್ಣ. ಯಾರು ಇವತ್ತೇನಿಲ್ಲ ಅಂದ್ರೂ ನಂಬಬೇಡ, ನಾನೇ ಹೇಳಿದ್ರೂ."

ನಮ್ಮ ಹಿಂದೆಯೇ ಬೀದಿ ದಾಟಿ ಬಂದವರಲ್ಲಿ ಒಬ್ಬಾಕೆ ಮೆಲ್ಲನೆ ಕೇಳಿದಳು, "ನಮ್ಮನೆ ಗೋಡೇನೂ ಸೀಳಿದೆ ಕಣಮ್ಮ. ಬಂದು ನೋಡ್ತೀಯಾ?"

ತಂಗಿ ಸೆರಗಿನಿಂದ ಬೆವರು ಒರೆಸಿಕೊಂಡಳು. "ಬರ್ತೀನಿ. ಮೊದಲು ಈ ಮಂಚಕ್ಕೆ ಒಂದು ಕೈ ಹಾಕಿ."