ಬೇರು ಬಿಟ್ಟು ಕೊಯ್ಯುವವರು

"ಕಾಲು ತೆಗೆಯೇ ಮುಂಡೆ. ಹುಲ್ಲು ತುಳೀತಾ ಇದೀಯ, ಕಣ್ಣು ಕಾಣಲ್ವಾ?"

ಹೀಗೆಂದವರು ಚೆಂಡಾಟದ ಕಮಿಟಿಯ ಸೆಕ್ರೆಟರಿ ಸುಂದರೇಶಯ್ಯನವರು. ಮುಂಡೆ ಎಂದದ್ದಕ್ಕೆ ನನಗೆ ಬೇಸರವಿಲ್ಲ. ಗಂಡ ಸತ್ತು ಇಪ್ಪತ್ತೆರಡು ವರ್ಷವಾಯಿತು, ಆ ಸುದ್ದಿ ಅವರಿಗಿಂತ ಮೊದಲೇ ನನಗೆ ಗೊತ್ತಿತ್ತು. ಮೈ ಉರಿಸಿದ್ದು ಹುಲ್ಲಿನ ಮಾತು. ನನ್ನ ಕಾಲಡಿಯ ಆ ಗರಿಕೆಯನ್ನು ನೆಟ್ಟವಳು ನಾನು. ಅವರು ಬೂಟು ಹಾಕಿಕೊಂಡು ಅದರ ಮೇಲೆಯೇ ನಿಂತಿದ್ದರು. ಆ ಬೂಟಿಗೆ ತಿಕ್ಕಿದ ಎಣ್ಣೆಯಲ್ಲಿ ನಮ್ಮ ಕೇರಿಯವರೆಲ್ಲ ತಲೆಗೆ ಹಚ್ಚಿಕೊಂಡು ಎರಡು ದೀಪಾವಳಿ ಮಾಡಬಹುದಿತ್ತು.

"ನನ್ ಕಾಲು ಹತ್ತಿ ಇದ್ದಂಗದೆ ಬುದ್ದಿ," ಎಂದೆ. "ಒಸಿ ನಿಮ್ ಬೂಟ್ನ ಕೇಳಿ."

ಪಕ್ಕದಲ್ಲಿದ್ದ ಮೇಸ್ತ್ರಿ ನಂಜಯ್ಯ ಸುಮ್ಮಸುಮ್ಮನೆ ಕೆಮ್ಮಿದ. ಅವನು ನನ್ನ ಮೈದುನ. ನಾನು ಬಾಯಿ ತೆರೆದಾಗಲೆಲ್ಲ ಅವನಿಗೆ ಕೆಮ್ಮು ಬರುತ್ತದೆ. ನನ್ನನ್ನು ರಟ್ಟೆ ಹಿಡಿದು ತಂತಿಬೇಲಿಯ ಆಚೆಗೆ ಬಿಟ್ಟು ಬಂದ.

ಒಂಟಿಕೊಪ್ಪಲಿನಿಂದಾಚೆಗಿನ ಆ ಬಯಲೇ ನಮಗೆ ಹೊಲ, ಗದ್ದೆ, ಕಣಜ. ನಮ್ಮ ಕೇರಿಯ ಮೂವತ್ತು ಹೆಂಗಸರು ಅಲ್ಲಿ ಹುಲ್ಲು ಕೊಯ್ದು, ಹೊರೆ ಕಟ್ಟಿ, ಮಂಡಿ ಮೊಹಲ್ಲಾದ ಜಟಕಾ ಸ್ಟ್ಯಾಂಡಿಗೆ ಹೊತ್ತು ಹಾಕಿ ಬದುಕಿದವರು. ಮೈಸೂರಿನ ಕುದುರೆಗಳು ಓಡುತ್ತಿದ್ದದ್ದು ನಮ್ಮ ಕತ್ತಿನ ಮೇಲೆ. ಮದುವೆಯಾಗಿ ಬಂದ ಮೂರನೆಯ ದಿನವೇ ಅತ್ತೆ ನನ್ನ ಕೈಗೆ ಕುಡುಗೋಲು ಕೊಟ್ಟು ಒಂದೇ ಒಂದು ಮಾತು ಹೇಳಿದ್ದಳು: "ಬೇರು ಮುಟ್ಬ್ಯಾಡ ಕಣೆ ಕೆಂಚಿ. ಬೇರು ಕಿತ್ತೋಳ ಒಲೆ ಉರಿಯಾಕಿಲ್ಲ." ಬುಡದಲ್ಲಿ ಎರಡು ಬೆರಳು ಬಿಟ್ಟು ಕೊಯ್ದರೆ ಎಂಟು ದಿನಕ್ಕೆ ಹುಲ್ಲು ಮತ್ತೆ ಬರುತ್ತದೆ. ನಲವತ್ತು ವರ್ಷ ಹಾಗೆಯೇ ಕೊಯ್ದೆ. ಅತ್ತೆಯ ಜುಟ್ಟು ಕೀಳಬೇಕು ಅನ್ನಿಸಿದ್ದುಂಟು. ಹುಲ್ಲಿನ ಒಂದು ಬೇರೂ ಕಿತ್ತವಳಲ್ಲ.

ಸ್ವರಾಜ್ಯ ಬಂದು ಎಂಟು ವರ್ಷಕ್ಕೆ ಕಾಲಲ್ಲಿ ಒದೆಯುವ ಈ ಚೆಂಡಾಟ ಬಂತು. ನಮ್ಮ ದೇಶವೇ ಆಟ ಆಡಿಸುತ್ತದಂತೆ, ಹನ್ನೊಂದು ದೇಶದವರು ವಿಮಾನ ಹತ್ತಿ ಬರುತ್ತಾರಂತೆ, ಎರಡು ಆಟ ಮೈಸೂರಿನಲ್ಲಂತೆ. ನಮ್ಮ ಕೇರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಅದು ಐವತ್ತಾರು ದೇಶವಾಗಿತ್ತು. ಕಮಿಟಿಯವರು ಬಯಲನ್ನು ಅಗೆಸಿ, ತಟ್ಟಿಸಿ, ಸೀಮೆಯಿಂದ ತರಿಸಿದ ಹುಲ್ಲಿನ ಬೀಜ ಚೆಲ್ಲಿಸಿದರು. ಮೈಸೂರಿನ ಗುಬ್ಬಿಗಳಿಗೆ ಅಷ್ಟು ದೊಡ್ಡ ಮದುವೆ ಊಟ ಹಿಂದೆಂದೂ ಸಿಕ್ಕಿರಲಿಲ್ಲ. ಒಂದು ಎಸಳೂ ಮೇಲೇಳಲಿಲ್ಲ.

ಆಗ ಸುಂದರೇಶಯ್ಯನವರೇ ನಮ್ಮ ಕೇರಿಯ ಬಾಯಿಗೆ ಬಂದು ನಿಂತರು. ಒಳಗೆ ಬರಲಿಲ್ಲ ಅನ್ನಿ, ನಿಂತಲ್ಲಿಂದಲೇ ಕೈ ಮುಗಿದರು. ನಿಮ್ಮ ಗರಿಕೆ ನೆಟ್ಟುಕೊಡಿ, ದೇಶದ ಮಾನ ಉಳಿಸಿ ಎಂದರು. ಕೂಲಿಯ ಮಾತೂ ಬಂತು. ನಾವು ಕೇಳಿದ್ದು ಅದನ್ನಲ್ಲ, ಬಯಲನ್ನು. ಚಾಮುಂಡಿ ಬೆಟ್ಟದ ಕಡೆ ತಿರುಗಿ ಆಣೆ ಇಟ್ಟರು: ಇವತ್ತೂ ಹುಲ್ಲು ನಿಮ್ಮದೇ, ಆಟ ಮುಗಿದ ಮೇಲೆ ಬಯಲೂ ನಿಮ್ಮದೇ.

ಆ ಮಾತು ನಂಬಿ ಆಷಾಢದ ಜಡಿಮಳೆಯಲ್ಲಿ ನೆಟ್ಟೆವು. ಕೆರೆಯಂಚಿನ ಗರಿಕೆಯ ಹಂಬು ಕೊಯ್ದು ತಂದೆವು, ಆಗಲೂ ಬೇರು ಮುಟ್ಟಲಿಲ್ಲ. ಉದ್ದಕ್ಕೆ ಹಗ್ಗ ಹಿಡಿದು, ಒಬ್ಬೊಬ್ಬಳಿಗೆ ಒಂದೊಂದು ಸಾಲು. ಗೇಣಿಗೊಂದು ಗೆಣ್ಣು ಹೂತು ಹೆಬ್ಬೆರಳಲ್ಲಿ ಒತ್ತಬೇಕು. ನನ್ನ ಹೆಬ್ಬೆರಳಿನ ಉಗುರು ಆ ಮಣ್ಣಲ್ಲೇ ಎಲ್ಲೋ ಇದೆ. ಗರಿಕೆ ಎಂದರೆ ಕೇಳಬೇಕೇ, ಬಿದ್ದಲ್ಲಿ ಬದುಕುವ ಜಾತಿ. ದಸರೆಯ ಹೊತ್ತಿಗೆ ಬಯಲೆಲ್ಲ ಹಸಿರು ಕಂಬಳಿ.

ಕಂಬಳಿ ಹರಡಿತು, ಬೇಲಿ ಬಂತು. ಮದ್ರಾಸಿನಿಂದ ಹುಲ್ಲು ಕತ್ತರಿಸುವ ಮಿಷನ್ನು ಬಂತು. ಮಿಷನ್ನು ಕತ್ತರಿಸಿದ ಹುಲ್ಲು ಗಾಡಿಯಲ್ಲಿ ಸುಂದರೇಶಯ್ಯನವರ ಕೊಟ್ಟಿಗೆಗೆ ಹೋಯಿತು. ನಮಗೆ ಆಟ ಮುಗಿಯಲಿ, ಆಟ ಮುಗಿಯಲಿ ಎಂದರು. ಅಲ್ಲಿಯತನಕ ಹೊಟ್ಟೆ ಕಾಯುವುದಿಲ್ಲವಲ್ಲ. ಹುಲ್ಲು ಹುಡುಕಿಕೊಂಡು ದಿನಾ ಒಂದೊಂದು ದಿಕ್ಕಿಗೆ ಹೋಗುತ್ತಿದ್ದೆವು. ನನ್ನ ತಂಗಿಯ ಮಗಳು ದೇವೀರಿ ಊರು ದಾಟಿ ಮಂಡಕಳ್ಳಿಯವರೆಗೂ ಹೋಗಿದ್ದಳು. ಅಲ್ಲಿಯ ಹೊಲದವರು ಬದುವಿನ ಹುಲ್ಲು ಕದಿಯುತ್ತೀಯಾ ಎಂದು ಬಾರುಕೋಲಿನಲ್ಲಿ ಹೊಡೆದು ಕಳಿಸಿದರು. ಬೆನ್ನ ಮೇಲಿನ ಬಾಸುಂಡೆಗಳನ್ನು ನೋಡಿ, ಚೆಂಡಾಟಕ್ಕೆ ಎಳೆದ ಸುಣ್ಣದ ಗೆರೆ ಇದಕ್ಕಿಂತ ಸೊಟ್ಟಗಿದೆ ಕಣೆ ಎಂದೆ. ಅವಳು ನಗಲಿಲ್ಲ. ನನಗೂ ನಗಿಸುವ ಮನಸ್ಸಿರಲಿಲ್ಲ. ಅಳಲು ಬರುವುದಿಲ್ಲ, ಅದಕ್ಕೆ ಹೀಗೆ ಆಡುತ್ತೇನೆ.

ಆಟಕ್ಕೆ ಎರಡು ದಿನವಿದೆ ಎನ್ನುವಾಗ ನಮ್ಮ ಕೇರಿಯ ಮುಂದೆ ಎರಡಾಳೆತ್ತರ ಸೋಗೆ ತಟ್ಟಿ ಕಟ್ಟಿದರು. ಪರದೇಶದವರು ಬರುವ ದಾರಿಗೆ ನಮ್ಮ ಗುಡಿಸಲು ಕಾಣಬಾರದಂತೆ. ತಟ್ಟಿಗೆ ಹಸಿರು, ಬಿಳಿ, ಕೇಸರಿ ಬಳಿದರು. ಹಗಲಲ್ಲೇ ಒಳಗೆಲ್ಲ ಕತ್ತಲಾಯಿತು. ಸ್ವರಾಜ್ಯದ ಬೆನ್ನು ನೋಡಿದವರು ಈ ದೇಶದಲ್ಲಿ ನಾವೇ ಇರಬೇಕು.

ನಾನು ತಟ್ಟಿಯ ಸಂದಿನಲ್ಲಿ ನುಸುಳಿ ಮತ್ತೊಮ್ಮೆ ಸುಂದರೇಶಯ್ಯನವರ ಮುಂದೆ ಹೋಗಿ ನಿಂತೆ. ಅವರ ಕೈಯಲ್ಲಿ ದೊಡ್ಡದೊಂದು ನಕ್ಷೆಯಿತ್ತು. ಈ ಬಯಲಲ್ಲೇ ಕಲ್ಲಿನ ಗ್ಯಾಲರಿ, ಕ್ಲಬ್ಬು, ಸುತ್ತ ಗೋಡೆ ಏಳುತ್ತವೆಂದು ಯಾರಿಗೋ ತೋರಿಸುತ್ತಿದ್ದರು. ನಮ್ಮ ಬಯಲಿನ ಗತಿ ಏನು ಬುದ್ದಿ, ಬೆಟ್ಟ ನೋಡಿ ಆಣೆ ಮಾಡಿದ್ದಿರಲ್ಲ ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. ನಕ್ಕರು. ಬೈದಿದ್ದರೆ ವಾಸಿಯಾಗಿತ್ತು.

"ನೋಡಿದ್ರಾ ಇವಳನ್ನ," ಎಂದರು ಪಕ್ಕದವರಿಗೆ. "ಹೆರಿಗೆ ಮಾಡಿಸಿದ ಸೂಲಗಿತ್ತಿ ಮಗೂನೇ ಕೊಡಿ ಅಂತಾಳೆ."

ಇಬ್ಬರೂ ನಕ್ಕರು. ಪಕ್ಕದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಹಿಂದಿರುಗಿ ಬಂದು ಕೇರಿಯ ಹೆಂಗಸರಿಗೆ ಆ ಮಾತನ್ನು ಹಾಗೆಯೇ ಒಪ್ಪಿಸಿದೆ. ನನ್ನ ಬಾಯಲ್ಲಿ ಹಾಗಲಕಾಯಿ ಕುಂಬಳಕಾಯಿಯಾಗುತ್ತದೆಂದು ಕೇರಿಗೇ ಗೊತ್ತು. ಅವತ್ತು ಒಂದು ಅಕ್ಷರವೂ ಸೇರಿಸಲಿಲ್ಲ.

ಆಟದ ದಿನ ಬೆಳಕು ಹರಿಯುತ್ತಲೇ ನಂಜಯ್ಯ ಓಡಿ ಬಂದ. ಮೈದಾನದ ತುಂಬ ನೆಗ್ಗಿಲ ಮುಳ್ಳು ಎದ್ದಿದೆಯಂತೆ, ಮಿಷನ್ನಿಗೆ ಸಿಕ್ಕುವುದಿಲ್ಲವಂತೆ. ಮೂವತ್ತು ಜನವೂ ಕುಡುಗೋಲು ಹಿಡಿದು ಬರಬೇಕು, ಪರದೇಶದವರು ಬರುವ ಮೊದಲು ಹಿಂದಿನ ಗೇಟಿನಿಂದ ಹೊರಟುಬಿಡಬೇಕು.

ಹೋದೆವು. ಸುಂದರೇಶಯ್ಯನವರು ಜರಿಪೇಟ ಸುತ್ತಿಕೊಂಡು ನಿಂತಿದ್ದರು. ನಾವು ಮಾಮೂಲಿನಂತೆ ಕುಕ್ಕರಗಾಲಲ್ಲಿ ಕೂರಲು ಹೋದರೆ ಬೇಡ ಎಂದರು. ಹಾಗೆ ಹುಡುಕಿದರೆ ಹೊತ್ತಾಗುತ್ತದೆ.

"ಎಲ್ಲರೂ ಸಾಲಾಗಿ ಬರಿಗಾಲಲ್ಲಿ ನಡ್ಕೊಂಡು ಹೋಗಿ. ಕಾಲಿಗೆ ಎಲ್ಲಿ ಚುಚ್ಚುತ್ತೋ ಅಲ್ಲಿ ಕೂತು ಕೀಳಿ. ಒತ್ತಿ ಇಡಿ ಹೆಜ್ಜೇನ."

ಹೆಂಗಸರು ತಮ್ಮ ತಮ್ಮ ಕಾಲು ನೋಡಿಕೊಂಡರು.

"ಆಡೋರು ಬೂಟ್ ಆಕ್ಕೊಂಡ್ ಆಡ್ತಾರಲ್ಲ ಬುದ್ದಿ," ಎಂದಳು ದೇವೀರಿ.

"ಬಿದ್ದರೆ? ಅವರ ಮೊಣಕಾಲಿಗೆ ಚುಚ್ಚಿದರೆ ದೇಶದ ಮಾನ ಏನಾಗಬೇಕು? ನಡೀರಿ, ನಡೀರಿ."

ಹೂಮಾಲೆಗಳು ಬಂದವೆಂದು ಯಾರೋ ಕೂಗಿದರು, ಅವರು ಮುಂದಿನ ಗೇಟಿಗೆ ಹೋಗಿ ತೋರಣ, ರಂಗೋಲಿಯ ಗಡಿಬಿಡಿಯಲ್ಲಿ ಅಲ್ಲೇ ಉಳಿದುಬಿಟ್ಟರು. ಮೊನ್ನೆ ತೆಗೆ ಎಂದ ಕಾಲನ್ನು ಇವತ್ತು ಒತ್ತಿ ಇಡು ಎಂದಿದ್ದರು. ಇಟ್ಟೆ. ಹತ್ತು ಹೆಜ್ಜೆಗೆ ಮೊದಲ ಮುಳ್ಳು. ಇಪ್ಪತ್ತಕ್ಕೆ ಮೂರು. ಪಕ್ಕದ ಸಾಲುಗಳಲ್ಲೂ ಅಯ್ಯೋ, ಅಮ್ಮಾ. ಇಬ್ಬನಿಯ ಮೇಲೆ ದೇವೀರಿಯ ಹೆಜ್ಜೆ ಕೆಂಪಗೆ ಮೂಡುತ್ತಿತ್ತು.

ಬಯಲಿನ ನಡುಮಧ್ಯಕ್ಕೆ, ಸುಣ್ಣದಲ್ಲಿ ದುಂಡಗೆ ಬರೆದ ಜಾಗಕ್ಕೆ ಬಂದಾಗ ನಾನು ಕೂತೆ. ಅಂಗಾಲಿನ ಮುಳ್ಳು ಕಿತ್ತೆ. ಅದು ನಾನು ನೆಟ್ಟ ಸಾಲು, ನನಗೆ ಗೊತ್ತು, ಹೆತ್ತ ಮಕ್ಕಳ ಮಚ್ಚೆ ಮರೆತೇನು, ಅದನ್ನು ಮರೆಯುವುದಿಲ್ಲ. ಕುಡುಗೋಲಿನ ತುದಿಯನ್ನು ಗರಿಕೆಯ ಬುಡಕ್ಕೆ ಇಟ್ಟೆ. ಕೈ ತಾನಾಗಿಯೇ ಎರಡು ಬೆರಳು ಮೇಲಕ್ಕೆ ಸರಿಯಿತು, ನಲವತ್ತು ವರ್ಷದ ಅಭ್ಯಾಸ. ಕೈಯನ್ನು ಬೈದು ಕೆಳಕ್ಕೆ ತಂದೆ. ತುದಿಯನ್ನು ಮಣ್ಣಿಗೆ ಇಳಿಸಿ ಮೀಟಿ ಎಳೆದೆ.

ಗರಿಕೆ ಸುಲಭಕ್ಕೆ ಬರುವುದಿಲ್ಲ. ಹಲ್ಲು ಕಚ್ಚಿ ಎಳೆದಾಗ ಮಣ್ಣಿನ ಹೆಂಟೆ ಸಮೇತ ಬಂತು. ಬಿಳಿಯ ಬೇರುಗಳು ಗಾಳಿಯಲ್ಲಿ ತೂಗಾಡಿದವು.

ದೇವೀರಿ ನನ್ನ ಕೈ ನೋಡಿದಳು. "ದೊಡ್ಡವ್ವ, ಬೇರು," ಎಂದಳು.

"ಊಂ ಕಣವ್ವ. ಬೇರೇ."

ಅವಳು ಕೂತಳು. ಅವಳ ಪಕ್ಕದವಳು ಕೂತಳು. ಮೂವತ್ತು ಜನ ತಮ್ಮ ತಮ್ಮ ಸಾಲು ಹಿಡಿದು ಕೂತರು. ಗೇಟಿನ ಹತ್ತಿರ ಚಹಾ ಕುಡಿಯುತ್ತಿದ್ದ ಪೋಲೀಸರು ಒಮ್ಮೆ ನೋಡಿ ಮತ್ತೆ ಲೋಟಕ್ಕೆ ತಿರುಗಿದರು. ದೂರದಿಂದ ನೋಡುವವರಿಗೆ ಕಳೆ ಕೀಳುವುದೂ ಬೆಳೆ ಕೀಳುವುದೂ ಒಂದೇ.

ನಂಜಯ್ಯನಿಗೆ ಮಾತ್ರ ತಿಳಿಯಿತು. ಸೀಟಿ ಬಾಯಿಯವರೆಗೂ ಹೋಯಿತು.

"ಅತ್ತಿಗೆ, ನನ್ ಕೆಲ್ಸ ಓಯ್ತದೆ. ನಿನ್ ಕಾಲ್ಗ್ ಬೀಳ್ತೀನಿ."

"ಬೀಳು, ಮುಳ್ಳವೆ, ನೋಡ್ಕೊಂಡು ಬೀಳು," ಎಂದು ಅಂಗಾಲು ತಿರುಗಿಸಿ ತೋರಿಸಿದೆ.

ಅವನು ಅಂಗಾಲು ನೋಡಿದ. ಆಮೇಲೆ ಸೀಟಿಯನ್ನು ಜೇಬಿಗೆ ಹಾಕಿ, ರೋಲರಿನ ಮೇಲೆ ನಮಗೆ ಬೆನ್ನು ಮಾಡಿ ಕೂತು ಬೀಡಿ ಹಚ್ಚಿದ. ಕೆಮ್ಮಲಿಲ್ಲ.

ಬಿಸಿಲು ಏರಿತು. ಬ್ಯಾಂಡಿನವರು ಬಂದು ಕಹಳೆ ಒರೆಸತೊಡಗಿದರು. ಪರದೇಶದವರ ಬಸ್ಸು ತಟ್ಟಿಯ ಪಕ್ಕದಲ್ಲಿ ಹಾರನ್ ಮಾಡುವ ಹೊತ್ತಿಗೆ ನಡುಮಧ್ಯದಿಂದ ಒಂದು ಕಡೆಯ ಗೋಲಿನ ಕಂಬದವರೆಗೂ ಬಯಲು ಸುಲಿದ ಕುರಿಯಂತೆ ಕೆಂಪಗೆ ಬಿದ್ದಿತ್ತು. ಒಂದು ಎಕರೆ ಅಂದುಕೊಳ್ಳಿ. ನಾನು ಹೇಳುವಾಗ ನಾಲ್ಕು ಅನ್ನುತ್ತೇನೆ.

ಹೊರೆ ಕಟ್ಟಿ ತಲೆಗೇರಿಸಿದೆವು. ಹಿಂದಿನ ಗೇಟು ಎಂದಿದ್ದರು. ನಾವು ಮುಂದಿನ ಗೇಟಿಗೆ ನಡೆದೆವು, ಮಾವಿನ ತೋರಣದ ಕೆಳಗೆ, ರಂಗೋಲಿಯ ಮೇಲೆ, ಮೂವತ್ತು ಜನ. ಬೇರಿನ ಮಣ್ಣು ಮುಖದ ಮೇಲೆ ಉದುರುತ್ತಿತ್ತು. ಬ್ಯಾಂಡು ನಡುವಿನಲ್ಲೇ ನಿಂತಿತು. ಬಸ್ಸಿನ ಕಿಟಕಿಗಳಲ್ಲಿ ಕೆಂಪು ಮುಖಗಳು ಒಂದರ ಮೇಲೊಂದು.

ಸುಂದರೇಶಯ್ಯನವರು ಹೂಮಾಲೆ ಹಿಡಿದೇ ಒಳಗೆ ಓಡಿದರು, ನೋಡಿದರು, ಓಡಿ ಬಂದರು. ಬಾಯಿ ಮೀನಿನ ಬಾಯಿಯಾಗಿತ್ತು.

"ಏನೇ... ಏನೇ ಮಾಡಿದೆ ಬೋಳಿಮುಂಡೆ. ನಿಮಗೂ ಇನ್ನು ಹುಲ್ಲಿಲ್ಲವಲ್ಲೇ. ಏನು ತಿಂತೀರೇ?"

ಅದೊಂದು ಮಾತು ಅವರು ಸರಿಯಾಗಿ ಕೇಳಿದರು.

"ನಾವು ಸೂಲಗಿತ್ತೀರು ಅಲ್ಲ ಬುದ್ದಿ," ಎಂದೆ. "ಹೆತ್ತೋರು."

ಪೋಲೀಸಿನವನೊಬ್ಬ ನನ್ನ ತಲೆಯ ಹೊರೆಗೆ ಲಾಠಿಯಲ್ಲಿ ಹೊಡೆದ. ಹುಲ್ಲು, ಬೇರು, ಮಣ್ಣು ರಂಗೋಲಿಯ ಮೇಲೆಲ್ಲ ಚೆಲ್ಲಿತು. ಎರಡನೆಯ ಏಟು ಹೆಗಲಿಗೆ ಬಿತ್ತು. ದೇವೀರಿ ನನ್ನನ್ನು ಹಿಡಿದುಕೊಂಡಳು. ವ್ಯಾನಿನ ಬಾಗಿಲು ತೆರೆದು ನಮ್ಮನ್ನು ಅದರತ್ತ ನೂಕುತ್ತಿದ್ದಾಗ ನಾನು ಕತ್ತು ತಿರುಗಿಸಿದೆ. ಸುಂದರೇಶಯ್ಯನವರು ಬಯಲಿನ ಕೆಂಪು ಮಣ್ಣಿನ ಅಂಚಿನಲ್ಲಿ, ಒಂದು ಬೂಟು ಎತ್ತಿಕೊಂಡು, ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದರು.

"ಮಡಗಿ ಬುದ್ದಿ, ಎಲ್ ಬೇಕಾದ್ರೂ ಮಡಗಿ," ಎಂದು ಕೂಗಿದೆ. "ನೋಯಾಕೆ ಅಲ್ಲಿ ಏನೂ ಉಳಿದಿಲ್ಲ."