ಫೋನಿಗೆ ಇಳಿದ ದನಿ

ಕುಬಾತನ ವೆಬ್‌ಸೈಟಿಗೆ ಹಣ ಕೊಡುತ್ತಿದ್ದ ಸಂಸ್ಥೆ, ಬೇಸಿಗೆಗೆ ಮೊದಲು ಅದನ್ನು ಮುಚ್ಚುವುದಾಗಿ ಬರೆಯಿತು. ಕುಬಾತ್ ನನ್ನ ಗಂಡ. ಚಳಿಗಾಲದಲ್ಲಿ ದೋಲೋನ್ ಘಟ್ಟದ ಹಿಮಗಟ್ಟಿದ ತಿರುವಿನಲ್ಲಿ ಅವನ ವ್ಯಾನು ಜಾರಿತು.

ಅವನು ನಾರಿನ್ ಸೀಮೆಯ ಊರೂರು ತಿರುಗಿ ಮುದುಕಿಯರ ಕೊಶೊಕ್‌ಗಳನ್ನು ಧ್ವನಿಮುದ್ರಿಸಿಕೊಂಡು ಬರುತ್ತಿದ್ದ. ಸತ್ತವರ ಹೆಸರು ಹಿಡಿದು, ಗೋಡೆಗೆ ಮುಖಮಾಡಿ ಹಾಡಿ ಅಳುವ ಹಾಡುಗಳವು. ಅವನು ಸತ್ತಾಗ ಅದನ್ನು ನಾನು ಹಾಡಬೇಕಿತ್ತು. ಗೋಡೆಗೆ ಮುಖಮಾಡಿ ಕೂತೆ. ದನಿ ಹೊರಡಲಿಲ್ಲ. ಕೊನೆಗೆ ಪಕ್ಕದ ಬೀದಿಯ ಜೂರಾ ಅಪಾ ಬಂದು ನನ್ನ ಬದಲು ಹಾಡಿದರು.

ಸೈಟಿನ ಪ್ರತಿ ಫೈಲಿನ ಮೊದಲಿಗೂ ಅವನ ದನಿ ಇತ್ತು. ಊರಿನ ಹೆಸರು, ಹಾಡುವವರ ಹೆಸರು, ಆಮೇಲೆ, “ಶುರು ಮಾಡಿ, ಅಪಾ.” ಮುದುಕಿಯರನ್ನೆಲ್ಲ ಅವನು ಅಪಾ ಎನ್ನುತ್ತಿದ್ದ, ತಾಯಿಯನ್ನು ಕರೆಯುವ ಹಾಗೆಯೇ. ಅವನ ದನಿ ಉಳಿದಿದ್ದುದು ಆ ಫೈಲುಗಳಲ್ಲಿ ಮಾತ್ರ. ಅವನು ಹೋದಮೇಲೆ ನಾನು ಅದನ್ನು ಕೇಳಿರಲಿಲ್ಲ. ಅತ್ತೆ ದಿನವೂ ಕೇಳುತ್ತಿದ್ದರು. ಹಾಡು ಶುರುವಾಗುವ ಮೊದಲೇ ನಿಲ್ಲಿಸಿ, ಮತ್ತೆ ಒತ್ತುತ್ತಿದ್ದರು.

ಬೇಸಿಗೆಗೆ ನಾವು ಕುದುರೆ, ಕುರಿಗಳ ಜೊತೆ ಮೇಲಿನ ಹುಲ್ಲುಗಾವಲಿಗೆ ಹೋಗುತ್ತೇವೆ. ಅಲ್ಲಿ ಸಿಗ್ನಲ್ ಇಲ್ಲ. ಮಗನ ದನಿಯನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಬೇಕೆಂದು ಅತ್ತೆ ಹಟ ಹಿಡಿದರು. ಅವರಿಗೆ ಗೊತ್ತಿದ್ದದ್ದು ಒತ್ತುವುದೊಂದೇ. ಒತ್ತಿದರೆ ಫೈಲು ಅಲ್ಲೇ ತೆರೆದುಕೊಂಡು ಹಾಡುತ್ತಿತ್ತು, ಫೋನಿಗೆ ಇಳಿಯುತ್ತಿರಲಿಲ್ಲ.

“ಹತ್ತಿದಾಗ ನಡೆಯುತ್ತೆ, ಇಳಿದ್ರೆ ಯಜಮಾನನ ಹತ್ರ ಓಡುತ್ತೆ. ಇದೇನು ಬಾಡಿಗೆ ಕುದುರೇನಾ?” ಎಂದರು. “ಬಿಷ್ಕೆಕ್‌ನಲ್ಲಿ ಅಷ್ಟು ವರ್ಷ ಓದಿದ್ದು ಏನನ್ನ ಮಗಳೇ?”

ನಾನು ಓದಿದ್ದು ಇದನ್ನೇ. ಅತ್ತೆಯ ಫೋನೊಂದಕ್ಕೇ ಇಳಿಸಿಕೊಡಬಹುದಿತ್ತು. ಆದರೆ ಸೈಟು ಮುಚ್ಚಿದರೆ ಹಾಡಿದ ಮುದುಕಿಯರ ಮನೆಯವರಿಗೂ ಅವರ ಹಾಡು ಸಿಗದೆ ಹೋಗುತ್ತದೆ ಅನ್ನಿಸಿತು. ಕುಬಾತನ ಪಾಸ್‌ವರ್ಡ್ ನನ್ನಲ್ಲಿತ್ತು. ಮಾಡಬೇಕಾದ ಕೆಲಸ ಒಂದು ಸಾಲಿನದು. ಸರ್ವರ್ ಪ್ರತಿ ಫೈಲನ್ನು ಕಳಿಸುವಾಗಲೂ ಅದು ಎಂಥದೆಂದು ಬ್ರೌಸರಿಗೆ ಹೇಳುತ್ತದೆ. ಧ್ವನಿ ಎಂದರೆ ಬ್ರೌಸರ್ ತಾನೇ ತೆರೆದು ಕೇಳಿಸುತ್ತದೆ. ಏನೆಂದು ಗೊತ್ತಿಲ್ಲದ ವಸ್ತು ಎಂದರೆ, ಏನು ಮಾಡಲೂ ತೋಚದೆ, ಸುಮ್ಮನೆ ಒಳಗೆ ಇಟ್ಟುಕೊಳ್ಳುತ್ತದೆ. ಇನ್ನು ಮೇಲೆ ಹಾಗೆ ಹೇಳು ಎಂದು ಸರ್ವರಿಗೆ ಬರೆದೆ. ಇಷ್ಟು ಸಣ್ಣ ಕೆಲಸವನ್ನು ಕುಬಾತ್ ಮಾಡದೆ ಬಿಟ್ಟದ್ದು ಸೋಮಾರಿತನದಿಂದ ಎಂದುಕೊಂಡೆ.

ಅತ್ತೆ ಒತ್ತಿದರು. ಫೈಲು ಇಳಿಯಿತು. ಅವರು ಫೋನನ್ನು ಹಣೆಗೆ ಒತ್ತಿಕೊಂಡರು. ಈಗ ಒತ್ತಿದರೆ ಫೋನಿಗೆ ಇಳಿಯುತ್ತದೆಂದು ಊರಿನಲ್ಲಿ ಗೊತ್ತಿದ್ದವರಿಗೆಲ್ಲ ಹೇಳಿಕಳಿಸಿದರು.

ಆ ವಾರವೇ ಜೂರಾ ಅಪಾ ಬಂದರು. ಬಾಗಿಲು ತೆರೆದೆ, ಚಹಾಕ್ಕೆ ಕರೆದೆ. ಅವರು ಗೇಟು ದಾಟಲಿಲ್ಲ.

“ಮೊಮ್ಮಗಳ ಮದುವೆ ಇಟ್ಕೊಂಡಿದೀವಿ,” ಎಂದರು. “ನನ್ನ ಮಗ ಸತ್ತಾಗ ಹಾಡಿದ್ದನ್ನ ಕುಬಾತನಿಗೋಸ್ಕರ ಇನ್ನೊಂದ್ಸಲ ಹಾಡಿದ್ದೆ. ಅದೀಗ ಆ ಹುಡುಗಿ ಫೋನಿಗಿಳಿದು ಜೇಬಲ್ಲಿ ಬಂದು ಕೂತಿದೆ. ಮದುಮಗಳ ಜೇಬಲ್ಲಿ.”

ಸಾವಿಲ್ಲದ ಮನೆಯಲ್ಲಿ ಕೊಶೊಕ್ ಇದ್ದರೆ ಅದು ಸಾವನ್ನು ಕರೆಯುತ್ತದೆಂದು ನಮ್ಮಲ್ಲಿ ಯಾರಿಗೆ ತಾನೇ ಗೊತ್ತಿಲ್ಲ?

“ಅವನು ನನಗೆ ಮಾತು ಕೊಟ್ಟಿದ್ದ,” ಎಂದರು. “ಕೇಳೋರು ಕೇಳ್ತಾರೆ, ಹೊರಟು ಹೋಗುತ್ತೆ, ಯಾರ ಮನೇಲೂ ಉಳಿಯಲ್ಲ ಅಪಾ ಅಂದಿದ್ದ. ಆ ಮಾತಿನ ಮೇಲೇ ಹಾಡಿದ್ದು ನಾವೆಲ್ಲ. ನಿನಗೆ ಹೇಳಿರಲಿಲ್ವಾ?”

ಹೇಳಿರಲಿಲ್ಲ. ಅಥವಾ ಹೇಳಿದ್ದ, ನಾನು ಬೇರೆ ಏನೋ ಕೆಲಸದಲ್ಲಿದ್ದೆ.

ಬರೆದ ಸಾಲನ್ನು ಅಂದೇ ಅಳಿಸಿದೆ. ಜೂರಾ ಅಪಾ ಅವರ ಹಾಡನ್ನು ಸೈಟಿನಿಂದಲೇ ತೆಗೆದೆ. ಆದರೆ ಫೋನುಗಳಿಗೆ ಇಳಿದಾಗಿದ್ದನ್ನು ನಾನು ವಾಪಸು ಕರೆಯಲಾರೆ. ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅತ್ತೆ, ಒಲೆಯ ಮುಂದೆ ಕೂತಿದ್ದ ಚೋಲ್ಪೊನ್‌ಳ ಕಡೆ ನೋಡಿದರು. ಚೋಲ್ಪೊನ್ ನನ್ನ ಮೈದುನನ ಹೆಂಡತಿ, ತುಂಬಿದ ಬಸುರಿ. ಮೊದಲನೆಯದು ಉಳಿದಿರಲಿಲ್ಲ. ಅತ್ತೆ ಫೋನನ್ನು ನನ್ನ ಕೈಗಿತ್ತು, ಅಳಿಸು ಎಂದರು.

ಕುಬಾತನ ಮಾತನ್ನಷ್ಟೇ ಕತ್ತರಿಸಿ ಇಟ್ಟುಕೊಳ್ಳಬಹುದೆಂದು ನಾನೇ ಸೂಚಿಸಿದೆ. ಅಳು ಒಂದು ಚೂರೂ ಬಾರದ ಹಾಗೆ.

“ಅವನು ಮಾತಾಡಿದ್ದು ಬದುಕಿದ್ದಾಗ ತಾನೇ,” ಎಂದರು ಅತ್ತೆ. “ಅದರಲ್ಲಿ ಏನು ದೋಷ?”

ಕತ್ತರಿಸಿದೆ. ದನಿಯನ್ನು ಕೇಳದೆ, ಮನೆಯ ಕಂಪ್ಯೂಟರಿನ ಪರದೆಯ ಮೇಲಿನ ಅಲೆಗಳನ್ನು ನೋಡಿಕೊಂಡೇ ಕತ್ತರಿಸಿದೆ. ಅವನ ಅಲೆ ಚಿಕ್ಕದು, ಆಮೇಲೊಂದು ಮೌನ, ಅದರ ಹಿಂದೆ ಹಾಡು ಎದ್ದು ನಿಲ್ಲುತ್ತಿತ್ತು. ಮೌನದಲ್ಲಿ ತುಂಡು ಮಾಡಿ, ತುಂಡುಗಳನ್ನು ಅತ್ತೆಯ ಫೋನಿಗೆ ಹಾಕಿದೆ.

ಹುಲ್ಲುಗಾವಲಿನಲ್ಲಿ ಡೇರೆ ಕಟ್ಟಿದ ಮರುದಿನ, ಹೆಣ್ಣು ಕುದುರೆಗಳ ಹಾಲು ಕರೆದು ಬಂದು, ಅತ್ತೆ ಫೋನು ಮುಂದಿಟ್ಟುಕೊಂಡು ಕೂತರು. ಚೋಲ್ಪೊನ್ ಹಿಟ್ಟು ನಾದುತ್ತಿದ್ದಳು. ಕುಬಾತ್ ಒಂದು ಊರಿನ ಹೆಸರು ಹೇಳಿದ. ಒಬ್ಬ ಮುದುಕಿಯ ಹೆಸರು ಹೇಳಿದ. ಸ್ವಲ್ಪ ಕೆಮ್ಮಿದ.

“ಶುರು ಮಾಡಿ, ಅಪಾ.”

ಆಮೇಲೆ ಏನೂ ಇಲ್ಲ. ನಾನು ಕತ್ತರಿಸಿದ ಜಾಗ ಅದು.

ಅತ್ತೆ ಕಾದರು. ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು, ಡೇರೆಯ ಉಣ್ಣೆಗೋಡೆಯ ಕಡೆ ತಿರುಗಿ, ಸೊಂಟಕ್ಕೆ ಕೈ ಕೊಟ್ಟು, ಹಾಡಲು ಶುರುಮಾಡಿದರು. ನನ್ನ ಕುದುರೆಮರಿಯೇ, ಘಟ್ಟ ಹತ್ತಿ ಇಳಿಯದೆ ಹೋದವನೇ ಎಂದು. ಚೋಲ್ಪೊನ್ ಹಿಟ್ಟಿನ ಕೈಯಲ್ಲೇ ಕಿವಿ ಮುಚ್ಚಿಕೊಂಡು ಎದ್ದು, ಕುರಿಗಳನ್ನೂ ದಾಟಿ, ತೊರೆಯ ಆಚೆಗೆ ನಡೆದುಹೋದಳು.

ಮರುದಿನವೂ ಹಾಗೇ ಆಯಿತು. ಇನ್ನು ಒತ್ತುವುದಿಲ್ಲ ಎನ್ನುವರು, ಒತ್ತುವರು. ಅವನು ಶುರು ಮಾಡಿ ಎನ್ನುವನು, ಇವರು ಶುರು ಮಾಡುವರು. ಚೋಲ್ಪೊನ್ ಡೇರೆಯ ಒಳಗೆ ಉಣ್ಣುವುದನ್ನೇ ಬಿಟ್ಟಳು. ಮೈದುನ ನನ್ನನ್ನು ಕುದುರೆಗಳ ಹತ್ತಿರ ಕರೆದು, ಜೀನಿನ ಪಟ್ಟಿ ಬಿಗಿಯುತ್ತ, ನನ್ನ ಮುಖ ನೋಡದೆ, “ಅತ್ತಿಗೆ, ಅಣ್ಣನ್ನ ಸುಮ್ನಿರಿಸು,” ಎಂದ.

ನಾನು ಕೇಳುವ ಮೊದಲೇ ಅತ್ತೆ ಫೋನು ತಂದುಕೊಟ್ಟರು. “ತೆಗೆದುಬಿಡು ಮಗಳೇ. ಅವನು ಕೇಳ್ತಾನೆ. ಇಲ್ಲ ಅನ್ನೋಕೆ ನನಗೆ ಬರಲ್ಲ.” ತೆಗೆದೆ. ಅವರು ಖಾಲಿ ಫೋನನ್ನು ತಲೆವಸ್ತ್ರದ ತುದಿಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟರು.

ಅಷ್ಟರಲ್ಲಿ ಸೈಟು ಮುಚ್ಚಿತ್ತು. ಕೆಳಗೆ, ನಮ್ಮೂರು ಅತ್‌ಬಾಶಿಯ ಮನೆಯ ಕಂಪ್ಯೂಟರಿನಲ್ಲಿ ಮೂಲದ ಫೈಲುಗಳಿದ್ದವು. ಚೋಲ್ಪೊನ್ ಹೆರಬೇಕಾದದ್ದು ಆ ಮನೆಯಲ್ಲೇ. ಹಿಟ್ಟು ತರಲು ನನ್ನನ್ನು ಕಳಿಸಿದರು. ಯಾಕೆಂದು ಯಾರೂ ಬಿಡಿಸಿ ಹೇಳಲಿಲ್ಲ.

ಬೀಗ ತೆಗೆದು ಒಳಗೆ ಹೋದೆ. ಅಳಿಸುವ ಮೊದಲು ಒಂದನ್ನು ಒತ್ತಿದೆ, ಕತ್ತರಿಸಿದ ತುಂಡುಗಳಲ್ಲಿ ಒಂದನ್ನು. ಅವನು ಶುರು ಮಾಡಿ ಎಂದ. ನಾನು ಗೋಡೆಯ ಕಡೆ ತಿರುಗಿ ಕೂತೆ. ಮತ್ತೆ ಒತ್ತಿದೆ, ಮತ್ತೆ ತಿರುಗಿದೆ. ಗೋಡೆಯ ಮೇಲೆ ಅವನ ಕೋಟು ತೂಗುತ್ತಿದ್ದ ಮೊಳೆ ಇತ್ತು. ನನ್ನ ದನಿ ಹೊರಡಲಿಲ್ಲ. ಅವನು ಹಾಡಲು ಕೇಳುತ್ತಿದ್ದದ್ದು ಬೇರೆಯವರನ್ನು.

ಎಲ್ಲವನ್ನೂ ಅಳಿಸಿದೆ. ಖಚಿತವೇ ಎಂದು ಕಂಪ್ಯೂಟರ್ ಕೇಳಿತು, ಹೌದು ಎಂದೆ. ಹಿಟ್ಟಿನ ಚೀಲವನ್ನು ಕುದುರೆಗೆ ಕಟ್ಟಿ, ಬೀಗ ಹಾಕಿ, ಮೇಲಕ್ಕೆ ಹೊರಟೆ.